ಇನ್ನೂರನಲವತ್ತು ಬಂಗುಡೆ

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾತುಮಾತಿಗೂ ಸಿಟ್ಟಾಗುತ್ತೇನೆ, ಓದುವವರು ಪ್ರತಿ ಸಲ ಗಾಬರಿಯಾಗುವುದು ಬೇಡ. ಬ್ರಹ್ಮಾವರದ ತವರುಮನೆಯಲ್ಲಿ ನನ್ನ ಸಿಟ್ಟಿಗೆ ಯಾರೂ ಕವಡೆ ಕಾಸಿನ ಬೆಲೆ ಕೊಡುತ್ತಿರಲಿಲ್ಲ. ಕುಂದಾಪುರದ ಗಂಡನ ಮನೆಯಲ್ಲಿ ಅದು ಬಂದ ಕೂಡಲೇ ಎಲ್ಲರಿಗೂ ಏನೋ ಒಂದು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದರು. ಅದಕ್ಕೆ ಸರಿಯಾದ ಮರ್ಯಾದೆ ಸಿಕ್ಕಿದ್ದು ಶಾಲೆಯಲ್ಲಿ ಮಾತ್ರ. ಗಣಿತ ಕಲಿಸುವವರಿಗೆ ಸಿಟ್ಟು ಇರಲೇಬೇಕು ಎಂದು ನಮ್ಮ ಮಕ್ಕಳ ತಂದೆ ತಾಯಿಗಳು ಬಲವಾಗಿ ನಂಬಿದ್ದರು. "ಟೀಚರ್, ಎರಡ್ ಹೊಡ್ದ್ರೂ ಅಡ್ಡಿಲ್ಲೆ, ಮಗ್ಗಿ ಒಂದ್ ಕಲ್ಸಿ" ಎಂದು ದಾರಿಯಲ್ಲಿ ನಿಲ್ಲಿಸಿ ಹೇಳುತ್ತಿದ್ದರು. ಹೊಡೆಯುವುದು ನನಗೆ ಆಗುತ್ತಿರಲಿಲ್ಲ. ಬೊಬ್ಬೆ ಹಾಕುವುದು ಆಗುತ್ತಿತ್ತು.

ಶಾಲೆ ಇದ್ದದ್ದು ಉಪ್ಪುಂದದ ಆಚೆ, ಹೈವೇಯಲ್ಲಿ ಬಸ್ಸಿಳಿದು ಪಡುವಣಕ್ಕೆ ನಡೆದರೆ ಕಡಲಿಗೆ ಬೆನ್ನು ಹಾಕಿ ಕೂತ ಹಂಚಿನ ಕಟ್ಟಡದಲ್ಲಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಮಕ್ಕಳು ಹೆಚ್ಚಿನವರು ಮೀನುಗಾರರ ಮನೆಯವರು. ಮಧ್ಯಾಹ್ನದ ಬಿಸಿಯೂಟ ಶುರುವಾದ ಹೊಸತು ಅದು. ಸಾಂಬಾರಿನ ಪರಿಮಳ ಬಂದ ಮೇಲೆ ಭಾಗಾಕಾರ ಕಲಿಸುವುದಕ್ಕೆ ಯಾರಿಂದಲೂ ಆಗುತ್ತಿರಲಿಲ್ಲ. ಹಾಗಾಗಿ ನಾನು ಗಣಿತವನ್ನೆಲ್ಲ ಬೆಳಿಗ್ಗೆಯೇ ಮುಗಿಸುತ್ತಿದ್ದೆ. ಚಳಿಗಾಲದಲ್ಲಿ ಅದಕ್ಕೂ ಕಲ್ಲು ಬೀಳುತ್ತಿತ್ತು. ಕೈರಂಪಣಿ ಬಲೆ ದಡಕ್ಕೆ ಬರುವ ಹೊತ್ತಿಗೆ ಊರಿಗೆ ಊರೇ ಹೋಗಿ ಹಗ್ಗ ಹಿಡಿದು ಎಳೆಯುತ್ತದೆ, ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ದಡದಿಂದ ಕೂಗು ಕೇಳಿದರೆ ನನ್ನ ಕ್ಲಾಸಿನ ಕಿವಿಗಳೆಲ್ಲ ಒಟ್ಟಿಗೆ ಆ ಕಡೆ ತಿರುಗುತ್ತಿದ್ದವು. "ಕುಂತ್ಕಣಿ!" ಎಂದು ನಾನು ಬೊಬ್ಬೆ ಹೊಡೆದ ಮೇಲೆ ದೇಹಗಳು ಕೂರುತ್ತಿದ್ದವು, ಕಿವಿಗಳು ಮಾತ್ರ ಬಲೆ ಎಳೆದು ಮುಗಿಸಿಯೇ ವಾಪಸು ಬರುತ್ತಿದ್ದವು.

ಈಗ ನನ್ನ ಅಣ್ಣನ ಮಾತು ಹೇಳಬೇಕು. ಅವನಿಗೆ ಮುಂಬಯಿಯಲ್ಲಿ ಹೋಟೆಲು. ಪ್ರತಿ ಮೇ ತಿಂಗಳು ಊರಿಗೆ ಬಂದು, ಚಾವಡಿಯಲ್ಲಿ ಹಲಸಿನ ತೊಳೆ ತಿನ್ನುತ್ತ ನನ್ನ ಉದ್ಯೋಗದ ಮೇಲೆ ಭಾಷಣ ಮಾಡುವುದು ಅವನ ರಜೆಯ ಮುಖ್ಯ ಕಾರ್ಯಕ್ರಮ. "ನಿಮ್ ಸರ್ಕಾರಿ ಕೆಲ್ಸದಗೆ ಚಂದ ಕಲ್ಸಿದವ್ರಿಗೂ ಅಷ್ಟೇ ಸಂಬ್ಳ, ಕುರ್ಚಿ ಮೇಲೆ ವರ್ಗಿ ನಿದ್ದಿ ಮಾಡ್ದವ್ರಿಗೂ ಅಷ್ಟೇ. ನಮ್ ಹೋಟ್ಲಗೆ ಹಾಂಗಲ್ಲ ಕಾಣ್. ಟೇಬಲ್ ಒರ್ಸುವವ ಚುರ್ಕಿದ್ರೆ ಸಪ್ಲಾಯರ್ ಆತ, ಸಪ್ಲಾಯರ್ ಚುರ್ಕಿದ್ರೆ ಕ್ಯಾಷಿಗೆ ಬತ್ತ. ನಿಂಗೆಂತ ಇತ್? ಹತ್ತ್ ವರ್ಷ ಬೊಬ್ಬಿ ಹೊಡ್ದೆ, ಅದೇ ಶಾಲಿ, ಅದೇ ಹಲ್ಗಿ." ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಅವನ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದ್ದದ್ದರಿಂದ ಸಿಟ್ಟು ದುಪ್ಪಟ್ಟು ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ಶಾಲೆಗೆ ಆ ಸುತ್ತೋಲೆ ಬಂತು. ಪ್ರಯೋಗಕ್ಕೆಂದು ಆರಿಸಿದ ಕೆಲವು ಶಾಲೆಗಳಿಗೆ ಸರ್ಕಾರದ ಅನುದಾನ. ಐದನೇ ತರಗತಿಯ ಮಕ್ಕಳಿಗೆ ಹೊರಗಿನವರು ಬಂದು ಗಣಿತ ಪರೀಕ್ಷೆ ಮಾಡುತ್ತಾರೆ. ತರಗತಿ ಚೆನ್ನಾಗಿ ಮಾಡಿದರೆ ಆ ತರಗತಿಯ ಶಿಕ್ಷಕರಿಗೆ ಒಂದು ವರ್ಷ ಸಂಬಳದ ಮೇಲೆ ಹೆಚ್ಚಿನ ಸಂಬಳ, ಶಾಲೆಗೆ ದುರಸ್ತಿಯ ದುಡ್ಡು. ಷರತ್ತು ಎರಡು. ತರಗತಿಯ ಒಂದು ಮಗುವೂ ಫೇಲಾಗಬಾರದು. ನಕಲು ಕಂಡುಬಂದರೆ ಎಲ್ಲವೂ ರದ್ದು.

ಐದನೇ ತರಗತಿ ನನ್ನದು. ಸುತ್ತೋಲೆ ಓದಿ ಮುಗಿಸುವಾಗ ನನಗೆ ಕಂಡದ್ದು ದುಡ್ಡಲ್ಲ, ಅಣ್ಣನ ಮುಖ. ಹಲಸಿನ ತೊಳೆ ಹಿಡಿದ ಕೈ ಬಾಯಿಯವರೆಗೆ ಬಂದು ಅಲ್ಲೇ ನಿಂತಂತೆ ಕಂಡಿತು. ಅದೇ ಸಂಜೆ ಮುಂಬಯಿಗೆ ಫೋನು ಮಾಡಿ, ಬಂದೇ ಬಿಟ್ಟಿತು ಎನ್ನುವ ಹಾಗೆ ಹೇಳಿಬಿಟ್ಟೆ. "ಹೌದಾ? ಬರ್ಲಿ ಕಾಂಬ" ಎಂದ ಅಣ್ಣ. ನೋಡೋಣ ಎನ್ನುವ ಆ "ಕಾಂಬ"ವನ್ನು ಅವನು ಎಷ್ಟು ಉದ್ದ ಎಳೆದನೆಂದರೆ, ಇನ್ನು ಆ ಹೆಚ್ಚಿನ ಸಂಬಳ ಬಾರದೆ ನಾನು ಬ್ರಹ್ಮಾವರದ ಕಡೆ ತಲೆ ಹಾಕುವ ಹಾಗಿರಲಿಲ್ಲ.

ಹೆಡ್ ಮಾಸ್ಟ್ರಿಗೆ ಬೇರೆಯದೇ ಕನಸು. ಅವರು ಸೊಳ್ಳೆಗೂ ಜೋರು ಮಾಡದ ಮನುಷ್ಯ. ಅವರ ಜೀವನದ ದೊಡ್ಡ ಶತ್ರುಗಳೆಂದರೆ ಊರಿನ ದನಗಳು. ಶಾಲೆಯ ಸುತ್ತ ಪಾಗಾರದ ಗೋಡೆ ಇರಲಿಲ್ಲ. ಬಿಸಿಯೂಟಕ್ಕೆಂದು ಅವರೇ ನೀರು ಹೊಯ್ದು ಬೆಳೆಸಿದ ಹರಿವೆ, ಬೆಂಡೆಗಳನ್ನೆಲ್ಲ ದನಗಳು ಬಂದು, ಹಾಜರಿ ಹಾಕಿದ ಹಾಗೆ ಕ್ರಮವಾಗಿ ತಿಂದು ಹೋಗುತ್ತಿದ್ದವು. ದುರಸ್ತಿಯ ದುಡ್ಡು ಬಂದರೆ ಪಾಗಾರ ಆಗುತ್ತದೆ, ಕಬ್ಬಿಣದ ಗೇಟಾಗುತ್ತದೆ. "ಟೀಚರ್, ನೀಲಿ ಬಣ್ಣ ಚಂದವಾ, ಹಸ್ರ್ ಚಂದವಾ?" ಎಂದು ನನ್ನನ್ನು ಕೇಳಿದರು. ಪರೀಕ್ಷೆಗೆ ಇನ್ನೂ ತಿಂಗಳುಗಟ್ಟಲೆ ಇತ್ತು.

ಬೇಸರ ಆದದ್ದು ಡ್ರಿಲ್ ಮಾಸ್ಟ್ರಿಗೆ. "ಈ ಮಕ್ಳಿಗೆ ಓಡುಕೆ ಕಲ್ಸಿದ್ದ್ ನಾನ್. ಓಡುದಕ್ಕೆ ಅನುದಾನ ಇಲ್ಲೆ. ಕೂತಲ್ಲೇ ಕೂತ್ ಗುಣ್ಸುದಕ್ಕೆ ಅನುದಾನ ಇತ್. ಎಂತ ಸರ್ಕಾರ ಮರ್ರೆ ಇದ್" ಎಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ಅವರಾಗಿಯೇ ಬಂದು, ನನ್ನ ಮಕ್ಕಳಿಗೆ ಮಗ್ಗಿಯನ್ನು ಡ್ರಿಲ್ಲಿನಲ್ಲಿ ಹೇಳಿಸುತ್ತೇನೆ ಎಂದರು. ಅಂದಿನಿಂದ ಬೆಳಿಗ್ಗೆ ಮೈದಾನದಲ್ಲಿ ಏಳರ ಮಗ್ಗಿಗೆ ಎಡಗಾಲು, ಎಂಟರ ಮಗ್ಗಿಗೆ ಬಲಗಾಲು. ಒಂಬತ್ತರ ಮಗ್ಗಿಗೆ ಬಂದಾಗ ಅರ್ಧ ಕ್ಲಾಸು ಕುಪ್ಪಳಿಸುತ್ತಿತ್ತು. ದಾರಿಯಲ್ಲಿ ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರು ನಿಂತು ನೋಡಿ, ತಾವೂ ಎರಡು ಸಾಲು ಹೇಳಿ ಮುಂದೆ ಹೋಗುತ್ತಿದ್ದರು. ನನ್ನ ಕ್ಲಾಸು ತಯಾರಾಗತೊಡಗಿತು. ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಆಗಲೇ ಕೆರಾಡಿಯಿಂದ ಅವಳು ಬಂದಳು.

ಅರ್ಧ ವರ್ಷ ಕಳೆದ ಮೇಲೆ ಬಂದು ಸೇರಿದ ಹುಡುಗಿ. ಕೆರಾಡಿ ಎಂದರೆ ಒಳಗೆ, ಕಾಡಿನ ಅಂಚು. ತಾಯಿಗೆ ಆರೋಗ್ಯ ಸರಿಯಿಲ್ಲವೆಂದು ನಮ್ಮೂರಿನ ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಚಿಕ್ಕಪ್ಪನಿಗೆ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ. ದೋಣಿ ಇಲ್ಲ, ಬಲೆ ಇಲ್ಲ. ಹುಡುಗಿಗೆ ಕಡಲೆಂದರೆ ಹೆದರಿಕೆ. ಮೊದಲ ವಾರ ಕಿಟಕಿಯ ಕಡೆ ಬೆನ್ನು ಹಾಕಿಯೇ ಕೂತಿದ್ದಳು. ಓದುತ್ತಿದ್ದಳು, ಕೂಡಿಸುತ್ತಿದ್ದಳು, ಕಷ್ಟಪಟ್ಟು ಕಳೆಯುತ್ತಿದ್ದಳು. ಭಾಗಾಕಾರ ಎಂದರೆ ಏನೆಂದೇ ಗೊತ್ತಿರಲಿಲ್ಲ. ಹಲಗೆಯ ಮೇಲೆ ಒಂದು ಲೆಕ್ಕ ಹಾಕಿ ಮಾಡು ಎಂದೆ. ಅವಳು ಅದನ್ನು ಬಹಳ ಹೊತ್ತು ನೋಡಿ, "ಚಂದ ಇತ್ ಟೀಚರ್" ಎಂದಳು.

ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ. ಒಂದು ಮಗುವೂ ಫೇಲಾಗಬಾರದು ಎಂಬ ಷರತ್ತು ಕಣ್ಣೆದುರು ಬಂದು ನಿಂತಿತು.

ಹೆಡ್ ಮಾಸ್ಟ್ರು ಮೆಲ್ಲಗೆ ನನ್ನನ್ನು ಆಫೀಸಿಗೆ ಕರೆದರು. ಗೇಟಿನ ಬಣ್ಣದ ವಿಷಯ ಇರಬೇಕೆಂದು ಹೋದೆ. ಅವರು ಮೇಜಿನ ಮೇಲಿನ ಗುಂಡುಸೂಜಿಗಳನ್ನು ಒಂದೊಂದಾಗಿ ಜೋಡಿಸುತ್ತ, "ಪರೀಕ್ಷೆ ದಿನ ಆ ಹೆಣ್ಣಿಗೆ ಒಂದ್ ಸಣ್ ಜ್ವರ ಬಂದ್ರೆ... ಅಲ್ಲ, ಬರ್ಕ್ ಅಂದೇಳಿ ನಾನ್ ಹೇಳುದಲ್ಲ ಟೀಚರ್. ಮಕ್ಳಿಗೆ ಜ್ವರ ಬಪ್ಪುದ್ ಇತ್ತಲ್ದಾ?" ಎಂದರು. ಬಾರದವರ ಲೆಕ್ಕ ಹಿಡಿಯುವುದಿಲ್ಲವಂತೆ, ಸುತ್ತೋಲೆಯಲ್ಲಿ ಹುಡುಕಿ ಇಟ್ಟಿದ್ದರು. "ಜ್ವರ ಬಂದ್ರೆ ನಿಮ್ಗ್ ಬತ್ತ್ ಸಾರ್!" ಎಂದು ನಾನು ಕೂಗಿದ್ದು ಹೊರಗೆ ಬಿಸಿಯೂಟಕ್ಕೆ ತೆಂಗಿನಕಾಯಿ ತುರಿಯುವವರಿಗೂ ಕೇಳಿತು. ಪಾಪ, ಆ ಮನುಷ್ಯನಿಗೆ ನಿಜಕ್ಕೂ ಮರುದಿನ ನೆಗಡಿಯಾಯಿತು.

ನನ್ನ ಬೊಬ್ಬೆಯಿಂದ ಆದದ್ದಿಷ್ಟೇ, ವಿಷಯ ಇಡೀ ಶಾಲೆಗೆ ಗೊತ್ತಾಯಿತು. ಮಕ್ಕಳು ಅವಳಿಗೆ ನೇರವಾಗಿಯೇ ಹೇಳಿದರು, ಮಕ್ಕಳಿಗೆ ಸುತ್ತಿಬಳಸಿ ಹೇಳುವುದು ಬರುವುದಿಲ್ಲವಲ್ಲ. "ನೀನ್ ಆ ದಿನ ಬರ್ಬೇಡ. ನೀ ತಪ್ ಮಾಡ್ರೆ ಟೀಚರಿಗೆ ಸಂಬ್ಳ ಸಿಕ್ಕುದಿಲ್ಲೆ." ನಾನು ಒಳಗೆ ಹೋಗುವಾಗ ಅವಳು ಬೆಂಚಿನ ತುದಿಯಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು, ಈಗಲೇ ಮನೆಗೆ ಹೋಗುವುದೋ ಆ ದಿನ ಮಾತ್ರವೋ ಎಂದು ಗೊತ್ತಾಗದವಳಂತೆ ಕೂತಿದ್ದಳು. ಇಡೀ ಕ್ಲಾಸನ್ನು ನಿಲ್ಲಿಸಿ ಬೈದೆ. ಅವಳಿಗೆ, "ನೀನು ಬರ್ಕ್. ಬಾರದಿದ್ರೆ ನಾನೇ ಮನಿಗೆ ಬಂದ್ ಎಳ್ಕಂಡ್ ಬತ್ತೆ" ಎಂದೆ. ಅದನ್ನೂ ಬೈದ ಹಾಗೆಯೇ ಹೇಳಿದೆ. ನನಗೆ ಬೇರೆ ಸ್ವರ ಇಲ್ಲ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಅವಳಿಗೆ ಪಾಠ. ದಡದಿಂದ ಮಳಿಯ ಕಪ್ಪೆಚಿಪ್ಪು ಹೆಕ್ಕಿ ತರಿಸಿದೆ, ಅಡುಗೆಮನೆಯಿಂದ ತೆಂಗಿನ ಗೆರಟೆ ತಂದೆ. ಚಿಪ್ಪುಗಳನ್ನು ಗೆರಟೆಗಳಿಗೆ ಸಮ ಹಂಚು, ಒಂದು ಗೆರಟೆಗೆ ಎಷ್ಟು ಬಂತು ಹೇಳು, ಅಷ್ಟೇ ಭಾಗಾಕಾರ. ಅವಳು ಬಹಳ ಶ್ರದ್ಧೆಯಿಂದ ಹಂಚುತ್ತಿದ್ದಳು. ಆದರೆ ಚಿಪ್ಪು ಉಳಿದರೆ ಮುಗಿಯಿತು, ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು.

"ಟೀಚರ್, ಇದ್ ಎರಡ್ ಯಾರಿಗೆ?"

"ಯಾರಿಗೂ ಅಲ್ಲ. ಅದು ಶೇಷ."

"ಯಾರಿಗೂ ಅಲ್ಲ ಅಂದ್ರೆ ಬಿಸಾಡುದಾ?"

"ಬಿಸಾಡುದಲ್ಲ, ಕೆಳಗೆ ಬರೆಯುದು."

"ಬರ್ದ್ ಎಂತ ಮಾಡುದ್?"

ಮೂರು ಸಂಜೆ ಇದೇ ಆದ ಮೇಲೆ ನನ್ನ ತಾಳ್ಮೆ ಮುಗಿದು, "ಅದು ಸರ್ಕಾರಕ್ಕೆ! ಬಿಡು ಅದನ್ನ!" ಎಂದು ಕಿರುಚಿದೆ. ಅವಳ ಮುಖ ಬೆಳಗಿತು. ಉಳಿದದ್ದಕ್ಕೊಬ್ಬ ಯಜಮಾನ ಸಿಕ್ಕಿದ ಮೇಲೆ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಚಿಪ್ಪು ಬಿಟ್ಟು ಸ್ಲೇಟಿಗೆ ಬಂದಳು, ಸ್ಲೇಟಿನಿಂದ ಪುಸ್ತಕಕ್ಕೆ ಬಂದಳು. ಒಂದು ಸಂಜೆ ಲೆಕ್ಕ ಸರಿ ಮಾಡಿ, "ಸರ್ಕಾರಕ್ಕೆ ಎಂತದೂ ಇಲ್ಲೆ ಟೀಚರ್" ಎಂದು ತಲೆಯೆತ್ತಿ ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅವತ್ತು. ಕೊನೆಯ ಬಸ್ಸು ತಪ್ಪುವುದರಲ್ಲಿತ್ತು, ಆದರೂ ಇನ್ನೊಂದು ಲೆಕ್ಕ ಕೊಟ್ಟು ಕೂತೆ. ಅಣ್ಣನ ಮುಖ ಆ ಹೊತ್ತಿನಲ್ಲಿ ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಹಿಂದೆ ಸರಿದು ನಿಂತಿತ್ತು, ಅಷ್ಟೆ.

ಪರೀಕ್ಷೆಯ ದಿನ ಅವಳು ಎಲ್ಲರಿಗಿಂತ ಮೊದಲು ಬಂದಿದ್ದಳು, ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಬಿಗಿದು. ಬೇರೆ ಕಡೆಯ ಶಾಲೆಯವರು ಬಂದು ಪರೀಕ್ಷೆ ಮಾಡಿದರು. ನಮ್ಮನ್ನು ಕ್ಲಾಸಿನ ಹತ್ತಿರವೂ ಬಿಡಲಿಲ್ಲ. ಹೆಡ್ ಮಾಸ್ಟ್ರು ಆ ಹೊತ್ತು ಕಳೆಯುವುದಕ್ಕೆ ದನ ಅಟ್ಟಿದರು. ಅವತ್ತು ದನಗಳೂ ಬಂದಿರಲಿಲ್ಲ, ಆದರೂ ಅಟ್ಟಿದರು.

ಮಕ್ಕಳು ಹೊರಗೆ ಬಂದದ್ದೇ ಪ್ರಶ್ನೆಪತ್ರಿಕೆ ಇಸಿದುಕೊಂಡೆ. ಸುಲಭ ಇತ್ತು. ಪ್ರಶ್ನೆ ತೆಗೆದವರಿಗೆ ಕರಾವಳಿಯ ಮಕ್ಕಳ ಮೇಲೆ ಪ್ರೀತಿ ಉಕ್ಕಿ, ಒಂದು ಲೆಕ್ಕವನ್ನು ನಮಗಾಗಿಯೇ ಮಾಡಿದ್ದರು. 'ಎಂಟು ಮಂದಿ ಮೀನುಗಾರರು ದೋಣಿಯಲ್ಲಿ ಹೋಗಿ ಬಲೆ ಬೀಸಿ 240 ಬಂಗುಡೆ ಹಿಡಿದರು. ಸಮನಾಗಿ ಹಂಚಿಕೊಂಡರೆ ಒಬ್ಬೊಬ್ಬರಿಗೆ ಎಷ್ಟು ಬಂಗುಡೆ?' ಓದಿ ನನಗೆ ಖುಷಿಯಾಯಿತು. ಮೀನು ಕಂಡರೆ ನನ್ನ ಮಕ್ಕಳು ತಪ್ಪು ಮಾಡುವುದುಂಟೇ? ಎದುರಿಗೆ ಸಿಕ್ಕಿದ ಹುಡುಗ ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು, ಅವನ ಅಪ್ಪನದು ಸ್ವಂತ ದೋಣಿ. "ಇದಕ್ಕೆ ಎಷ್ಟು ಬರೆದೆ?" ಎಂದೆ.

"ಇಪ್ಪತ್ನಾಲ್ಕ್ ಟೀಚರ್."

ಪಕ್ಕದವಳನ್ನು ಕೇಳಿದೆ. ಇಪ್ಪತ್ತನಾಲ್ಕು. ಅವಳ ಹಿಂದಿನವನನ್ನು ಕೇಳಿದೆ. ಇಪ್ಪತ್ತನಾಲ್ಕು. ಯಾರನ್ನು ಕೇಳಿದರೂ ಇಪ್ಪತ್ತನಾಲ್ಕು. ಮೈದಾನದ ಮಧ್ಯೆ ನಿಂತು ನಾನು ಹಾಕಿದ ಬೊಬ್ಬೆಗೆ ಡ್ರಿಲ್ ಮಾಸ್ಟ್ರು ಅಭ್ಯಾಸಬಲದಿಂದ ಅಟೆನ್ಷನ್ನಿಗೆ ನಿಂತರು.

"ಎಂಟು ಜನ ಅಂತ ಬರೆದಿದೆ! ಇನ್ನೂರನಲವತ್ತನ್ನು ಎಂಟರಿಂದ ಭಾಗಿಸಿದರೆ ಇಪ್ಪತ್ತನಾಲ್ಕು ಹೇಗಾಯ್ತು? ಎಂಟರ ಮಗ್ಗಿ ಬಲಗಾಲಲ್ಲಿ ಕಲಿತದ್ದು ಎಲ್ಲಿ ಹೋಯ್ತು?"

ದೋಣಿಯವರ ಹುಡುಗ ನನ್ನನ್ನು ಮರುಕದಿಂದ ನೋಡಿದ. "ಎಂಟ್ ಜನ ಹೌದ್ ಟೀಚರ್. ದೋಣಿಗೆ ಕೊಡುದ್ ಬ್ಯಾಡ್ದಾ? ದೋಣಿಗ್ ಒಂದ್ ಪಾಲ್, ಬಲೆಗ್ ಒಂದ್ ಪಾಲ್. ಒಟ್ಟ್ ಹತ್ತ್ ಪಾಲ್ ಆಯ್ತಲ್ದಾ?"

"ಪ್ರಶ್ನೆಯಲ್ಲಿ ಅದು ಕೇಳಿಲ್ಲ!"

"ಸಮನಾಗಿ ಅಂದೇಳಿ ಇತ್ತಲೆ ಟೀಚರ್. ದೋಣಿಗ್ ಕೊಡ್ದೆ ಇದ್ರೆ ಅದ್ ಸಮ ಆಪುದ್ ಹ್ಯಾಂಗೆ?"

ನಾನು ಮೀನು ತಿಂದು ಬೆಳೆದವಳು. ಬಂಗುಡೆ ಪುಳಿಮುಂಚಿಯ ಹದ ಕಣ್ಣು ಮುಚ್ಚಿ ಹೇಳಬಲ್ಲೆ. ಹಿಡಿದ ಮೀನು ಹಂಚುವ ಕ್ರಮ ಮಾತ್ರ ನನಗೆ ಗೊತ್ತಿರಲಿಲ್ಲ, ಪ್ರಶ್ನೆ ತೆಗೆದ ಪುಣ್ಯಾತ್ಮರಿಗೂ ಗೊತ್ತಿರಲಿಲ್ಲ. ಅವರು ಬಂಗುಡೆಯ ಬದಲು ಮಾವಿನಹಣ್ಣು ಬರೆದಿದ್ದರೆ ನನ್ನ ಮಕ್ಕಳೆಲ್ಲ ಮೂವತ್ತು ಎಂದು ಬರೆದು ಮನೆಗೆ ಹೋಗುತ್ತಿದ್ದರು. ಅವತ್ತು ಬಸ್ಸಿಗೆ ನಡೆಯುವಾಗ ಬಲೆ ಒಣಗಿಸುತ್ತಿದ್ದ ಒಬ್ಬ ಅಪ್ಪ ನನ್ನನ್ನು ತಡೆದು ನಿಲ್ಲಿಸಿದ. ಸುದ್ದಿ ಆಗಲೇ ದಡಕ್ಕೆ ಮುಟ್ಟಿತ್ತು. "ಹ್ವಾಯ್ ಟೀಚರ್, ಮಕ್ಳಿಗ್ ಎಂತ ಕಲ್ಸ್ತ್ರಿ ನೀವ್? ಬಲೆಗ್ ಒಂದೇ ಪಾಲಾ? ಈಗ ಬಲೆ ರೇಟ್ ಎಷ್ಟಾಯ್ತ್ ಗೊತ್ತಿತ್ತಾ?" ಎಂದ. ಅವನ ಲೆಕ್ಕದಲ್ಲಿ ಇಪ್ಪತ್ತನಾಲ್ಕೂ ತಪ್ಪು. ಬಸ್ಸಿನಲ್ಲಿ ಕೂತ ಮೇಲೆ ನನಗೆ ನಗು ಬಂದು, ಪಕ್ಕದವರು ಸ್ವಲ್ಪ ಸರಿದು ಕೂತರು. ಒಂದು ಲೆಕ್ಕ ಹೋದರೆ ಹೋಯಿತು, ಉಳಿದದ್ದರಲ್ಲಿ ಎಲ್ಲರೂ ಪಾಸು ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಮೌಲ್ಯಮಾಪನ ಮಾಡಿದವರಿಗೆ ನಗು ಬಂದಿರಲಿಲ್ಲ. ಇಡೀ ತರಗತಿಗೆ ಒಂದೇ ತಪ್ಪು ಉತ್ತರ. ನಕಲಿನ ಸಂಶಯ ಇರುವುದರಿಂದ ಫಲಿತಾಂಶ ತಡೆಹಿಡಿಯಲಾಗಿದೆ, ವಿಚಾರಣೆಗೆ ಅಧಿಕಾರಿಗಳು ಬರುತ್ತಾರೆ ಎಂದು ತಿಳಿಸಿದರು. ಹೆಡ್ ಮಾಸ್ಟ್ರು ಕುರ್ಚಿಯಲ್ಲಿ ಕುಸಿದು, "ಗೇಟ್ ಹೋಯ್ತ್" ಎಂದರು.

ಬಂದ ಅಧಿಕಾರಿ ಘಟ್ಟದ ಮೇಲಿನವರು. ಕನ್ನಡಕದ ಹಿಂದೆ ಒಳ್ಳೆಯ ಕಣ್ಣುಗಳಿದ್ದವು, ಅದನ್ನು ಒಪ್ಪಬೇಕು. ಕ್ಲಾಸಿನಲ್ಲಿ ಕೂತು, ಮಕ್ಕಳನ್ನು ಹೆದರಿಸದೆ, "ಈ ಇಪ್ಪತ್ತನಾಲ್ಕು ಎಲ್ಲಿಂದ ಬಂತು?" ಎಂದು ಕೇಳಿದರು. ದೋಣಿಯವರ ಹುಡುಗ ಎದ್ದು ದೋಣಿಯ ಪಾಲು, ಬಲೆಯ ಪಾಲು ವಿವರಿಸಿದ. ಹಿಂದಿನ ಬೆಂಚಿನವನು ಎದ್ದು ತಮ್ಮ ಮನೆಯಲ್ಲಿ ಬಲೆಗೆ ಎರಡು, ಲೆಕ್ಕ ಸಮ ಬೀಳಲಿಲ್ಲವೆಂದು ಒಂದೇ ಹಾಕಿದೆ ಎಂದ. ಅವರಿಬ್ಬರಿಗೆ ಅಲ್ಲೇ ಜಗಳವಾಯಿತು. ಇನ್ನೊಬ್ಬಳು ಎದ್ದು, ಜ್ವರ ಬಂದು ಮನೆಯಲ್ಲಿ ಮಲಗಿದವನಿಗೂ ಪಾಲಿಡುತ್ತಾರೆ, ಅದನ್ನು ಯಾಕೆ ಕೇಳಲಿಲ್ಲ ಎಂದು ಅಧಿಕಾರಿಯನ್ನೇ ಪ್ರಶ್ನಿಸಿದಳು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಕ್ಕು ನಕ್ಕು ನೀರು ಬಂದಿತ್ತು. ನನ್ನ ಕಡೆ ತಿರುಗಿ, "ಟೀಚರ್, ಇದು ನಕಲಲ್ಲ. ಪ್ರತಿಯೊಬ್ಬರೂ ಸ್ವಂತ ತಲೆಯಿಂದಲೇ ತಪ್ಪು ಮಾಡಿದ್ದಾರೆ. ಹಾಗೆಯೇ ಬರೆಯುತ್ತೇನೆ. ಈ ಲೆಕ್ಕ ಬಿಟ್ಟರೂ ಎಲ್ಲರೂ ಪಾಸಾಗಿದ್ದಾರೆ. ನಿಮಗೆ ಸಿಗಬೇಕಾದ್ದು ಸಿಗುತ್ತದೆ" ಎಂದರು.

ಎಲ್ಲರೂ ಪಾಸು! ಕೆರಾಡಿಯ ಹುಡುಗಿಯೂ ಪಾಸು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತ ಹೆಡ್ ಮಾಸ್ಟ್ರ ಮುಖದಲ್ಲಿ ಇಡೀ ಪಾಗಾರ ಎದ್ದು ನಿಂತಿತ್ತು. ನಾನು ಮನಸ್ಸಿನಲ್ಲಿ ಮುಂಬಯಿಯ ನಂಬರು ಒತ್ತಿಯೂ ಆಗಿತ್ತು.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕುವ ಮೊದಲು, ಕೇಳಲೇಬೇಕಾದ್ದನ್ನು ಕೇಳುವ ಹಾಗೆ ಕೇಳಿದರು. "ಯಾರಾದರೂ ಇನ್ನೊಬ್ಬರದು ನೋಡಿ ಬರೆದಿರಾ ಮಕ್ಕಳೇ? ಸತ್ಯ ಹೇಳಿ."

ಒಂದು ಕೈ ಮೇಲೆ ಬಂತು. ಎರಡು ಜಡೆಯ ಪಕ್ಕದಿಂದ, ನಿಧಾನವಾಗಿ.

"ಯಾವ ಲೆಕ್ಕ?" ಎಂದರು ಅಧಿಕಾರಿ.

"ಮೀನಿಂದ್."

"ಯಾರದನ್ನು ನೋಡಿದೆ?"

"ಮುಂದಿನ್ ಬೆಂಚಿಂದ್. ಆಚೆದ್ದೂ. ಎಲ್ಲರ್ದೂ ಒಂದೇ ಇತ್ತ್."

"ನಿನಗೆ ಬರಲಿಲ್ಲವಾ?"

"ಬಂದಿತ್ತ್. ಬೇರೆ ಬಂದಿತ್ತ್. ಒರ್ಸಿ ಬರ್ದೆ."

"ಎಷ್ಟು ಬಂದಿತ್ತು?"

"ಮೂವತ್ತ್."

ಅಧಿಕಾರಿ ನನ್ನನ್ನು ನೋಡಿದರು. ನಾನು ಅವಳನ್ನು ನೋಡಿದೆ. ದೋಣಿ ಬಲೆ ಗೊತ್ತಿಲ್ಲದವಳು, ಗೆರಟೆಗೆ ಚಿಪ್ಪು ಹಂಚಿದ ಹಾಗೆ ಎಂಟು ಮಂದಿಗೆ ಬಂಗುಡೆ ಹಂಚಿ, ಇಡೀ ಕ್ಲಾಸಿನಲ್ಲಿ ತಾನೊಬ್ಬಳೇ ಸರಿ ಮಾಡಿದ್ದಳು. ಮಾಡಿ ಒರೆಸಿದ್ದಳು.

"ಸರಿ ಉತ್ತರ ಅಳಿಸಿ ತಪ್ಪು ನಕಲು ಮಾಡಿದವರಿಗೆ ಏನು ಮಾಡಬೇಕು ಅಂತ ನಿಯಮದಲ್ಲಿ ಇಲ್ಲ ಟೀಚರ್" ಎಂದರು ಅವರು, ಸ್ವರ ತಗ್ಗಿಸಿ. "ನಕಲು ಅಂತ ಮಾತ್ರ ಇದೆ. ನಾನು ಪೆನ್ನು ಮುಚ್ಚಿದ ಮೇಲೆ ಅವಳು ಕೈ ಎತ್ತಿದಳು ಅಂತ ಇಟ್ಟುಕೊಂಡರೆ..." ಬಾಗಿಲಲ್ಲಿ ಹೆಡ್ ಮಾಸ್ಟ್ರು ಜೋರಾಗಿ ತಲೆಯಾಡಿಸಿದರು. ಅಣ್ಣನ "ಕಾಂಬ" ನನ್ನ ಕಿವಿಯಲ್ಲಿ ಉದ್ದಕ್ಕೆ ಕೇಳಿತು. ಆದರೆ ಅವಳ ಕೈ ಇನ್ನೂ ಮೇಲೆಯೇ ಇತ್ತು, ಇಳಿಸಬಹುದು ಎಂದು ಯಾರೂ ಹೇಳಿರಲಿಲ್ಲ. ಇಡೀ ಕ್ಲಾಸು ಆ ಕೈಯನ್ನೇ ನೋಡುತ್ತಿತ್ತು.

"ಬರೀರಿ ಸಾರ್, ನಕಲು ಅಂತ" ಎಂದೆ. "ಅವಳಿಗೆ ಮೂವತ್ತು ಬಂದಿತ್ತು ಅಂತಲೂ ಬರೀರಿ. ಬರೆಯದೆ ನೀವು ಇಲ್ಲಿಂದ ಏಳುವ ಹಾಗಿಲ್ಲ." ಸಿಟ್ಟಿನಲ್ಲೇ ಹೇಳಿದೆ ಎಂದು ಕಾಣುತ್ತದೆ, ಅವರು ಎರಡನ್ನೂ ಬರೆದರು. ಮೊದಲನೆಯದಕ್ಕೆ ಉತ್ತರ ಬಂತು, ಎಲ್ಲವೂ ರದ್ದು. ಎರಡನೆಯದರ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಆ ಅನುದಾನವೂ ಮುಂದಿನ ವರ್ಷದ ಹೊತ್ತಿಗೆ ನಿಂತುಹೋಯಿತು. ಅಣ್ಣ ಮೇ ತಿಂಗಳಿಗೆ ಬಂದು, ಹಲಸು ತಿಂದು, ಹೇಳುವುದನ್ನೆಲ್ಲ ಹೇಳಿದ. ನಾನು ಕೇಳಿಸಿಕೊಂಡೆ.

ಆದರೆ ಅವತ್ತು, ಅಧಿಕಾರಿ ಹೋದ ಮೇಲೆ, ಅವಳನ್ನು ಹೊನ್ನೆ ಮರದ ಕೆಳಗೆ ಕರೆದೆ. "ಯಾಕೆ ಒರ್ಸಿದೆ?" ಎಂದೆ.

"ನಂದ್ ತಪ್ಪಾದ್ರೆ ನಿಮ್ಗ್ ಸಂಬ್ಳ ಸಿಕ್ಕುದಿಲ್ಲೆ ಅಂದಿದ್ರಲೆ ಟೀಚರ್ ಎಲ್ಲರೂ. ಅವ್ರೆಲ್ಲ ಒಂದೇ ಬರ್ದಿರ್. ನಾನ್ ಒಬ್ಳೇ ಮಾಡಿದ್ದ್ ಸರಿ ಇಪ್ಪುದ್ ಹ್ಯಾಂಗೆ?"

ಅಲ್ಲೇ ಮರಳಿನ ಮೇಲೆ ಅವಳೆದುರು ಕೂತುಬಿಟ್ಟೆ. "ಸೀರಿ ಮಣ್ಣಾತ್ತ್ ಟೀಚರ್" ಎಂದಳು.

"ನಿನ್ನದು ಸರಿ ಇತ್ತು" ಎಂದೆ. ಅವಳು ನಂಬಲಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂಬಂತೆ ತಲೆಯಾಡಿಸಿದಳು. "ನಿನ್ನದೊಂದೇ ಸರಿ ಇತ್ತು" ಎಂದೆ. ಆಗಲೂ ನಂಬಲಿಲ್ಲ. ಮತ್ತೊಂದು ಸಲ ಹೇಳುವುದಕ್ಕೆ ಹೋದೆ, ಸ್ವರ ಬರಲಿಲ್ಲ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಂಬಿದಳು.